ಸಾಲು ಖಾಲಿ ಇರಬಾರ್ದು

ಸುಮಿತಾ ಸಿಸ್ಟರ್ ಲಸಿಕೆ ಡಬ್ಬಿ ಹೆಗಲಿಗೆ ಹಾಕ್ಕೊಂಡು ಕೂಲಿಯವರ ಲೈನ್ ಮನೆಗಳ ಅಂಗಳಕ್ಕೆ ಕಾಲಿಟ್ಟಿದ್ದೇ ತಡ, ಸಣ್ಣಿ ಮಗೂನ ಎತ್ಕೊಂಡು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. ಊಟದ ಹೊತ್ತು. ಬಾಳೆಲೆ ಊರಿನ ಕಡೆಯ ಆ ಎಸ್ಟೇಟಲ್ಲಿ ಕಾಫಿ ಕುಯ್ಲು ಜೋರಾಗಿ ನಡೀತಿತ್ತು, ಹೆಂಗಸರೆಲ್ಲ ಗಂಜಿ ಕುಡಿಯೋಕೆ ಮನೆಗೆ ಬಂದಿದ್ರು. ಬಾಗಿಲ ಹಿಂದಿಂದಾನೇ ಸಣ್ಣಿ ಹೇಳಿದ್ಲು, ಹೋದ ತಿಂಗಳು ಒಂದು ಸೂಜಿ ಹಾಕಿಸಿದ್ದೇ ಸಾಕು, ಇನ್ನು ಬೇಡ.

ಸುಮಿತಾ ಹೋಗ್ಲಿಲ್ಲ. ಹೊಸಿಲ ಮುಂದೆ ಕೂತೇ ಬಿಟ್ಲು. ಒಂದು ಹಾಕಿಸಿ ಬಿಟ್ರೆ ಅರ್ಧ ಬೇಲಿ ಕಟ್ಟಿದ ಹಾಗೆ ಸಣ್ಣಿ, ನಾಯಿಕೆಮ್ಮು, ಗಂಟಲುಮಾರಿ ಎಲ್ಲಾ ಇನ್ನರ್ಧದಿಂದ ನುಗ್ತವೆ ಅಂತ ಶುರು ಮಾಡಿದ್ಲು. ಬಾಗಿಲು ಸ್ವಲ್ಪ ತೆರೀತು.

"ಬೇಲಿ ಕಥೆ ನಂಗೆ ಹೇಳ್ಬೇಡಿ ಅಕ್ಕ. ಹೋದ ಸಲ ಸೂಜಿ ಹಾಕಿಸಿದ ಮಾರನೇ ದಿನ ಮಗೂಗೆ ಜ್ವರ. ಒಂದು ದಿನ ಕೆಲ್ಸಕ್ಕೆ ಹೋಗ್ಲಿಲ್ಲ. ಕೆಲ್ಸ ಹಂಚೋ ರೈಟ್ರು ನಾನು ಕುಯ್ಯೋ ಗಿಡದ ಸಾಲು ಬೇರೆಯವರಿಗೆ ಕೊಟ್ಟು, ನನ್ನನ್ನ ಕಾಡಂಚಿನ ಆನೆ ಕಂದಕದ ಪಕ್ಕ ಹಾಕಿದ್ರು. ಅಲ್ಲೇ ಮರಕ್ಕೆ ಜೋಲಿ ಕಟ್ಟಿ ಇವಳನ್ನ ಮಲಗಿಸ್ತಿದ್ದೆ. ನಾಯಿಕೆಮ್ಮು ಬರುತ್ತೋ ಇಲ್ವೋ ಗೊತ್ತಿಲ್ಲ. ಆನೆ ಬಂದಿತ್ತು."

ಸಣ್ಣಿ ಗಂಡ ಮೆಣಸು ಕುಯ್ಯೋಕೆ ಬೇರೆ ಎಸ್ಟೇಟಿಗೆ ಹೋಗಿದ್ದಾನೆ, ಬರೋದು ವಾರಕ್ಕೊಮ್ಮೆ. ಕಂದಕದ ಕಡೆ ಕುಯ್ಲು ಮುಗಿದು, ಸಣ್ಣಿಗೆ ಈಗಷ್ಟೇ ಮತ್ತೆ ಲೈನ್ ಪಕ್ಕದ ಸಾಲು ಸಿಕ್ಕಿದೆ. ನಾಳೆ ಜ್ವರ ಬಂದು ಮನೇಲಿ ಉಳಿದ್ರೆ ಅದೂ ಹೋಯ್ತು. ಅಕ್ಕಪಕ್ಕದ ಬಾಗಿಲುಗಳಲ್ಲಿ ಇನ್ನೂ ಐದು ಜನ ತಾಯಂದಿರು ಮಕ್ಕಳನ್ನ ಸೊಂಟದಲ್ಲಿ ಇಟ್ಕೊಂಡು ನೋಡ್ತಾ ನಿಂತಿದ್ರು. ಅವರೂ ಒಂದೇ ಡೋಸಿಗೆ ನಿಲ್ಲಿಸಿದವರೇ.

ಸುಮಿತಾ ಎದ್ದು ಸೀದಾ ತೂಕದ ಶೆಡ್ಡಿಗೆ ಹೋದ್ಲು. ರೈಟರ್ ಬೆಳ್ಳಿಯಪ್ಪ ಕೆಟ್ಟ ಮನುಷ್ಯ ಏನಲ್ಲ, ಕೂತ್ಕೊಳ್ಳಿ ಸಿಸ್ಟರ್ ಅಂತ ಸ್ಟೂಲ್ ಎಳೆದು ಕೊಟ್ರು. ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ, ಒಬ್ಬಳಿಗೆ ರಜಾ ಬಿಟ್ರೆ ನಾಳೆ ಹತ್ತು ಜನ ಕೇಳ್ಕೊಂಡು ಬರ್ತಾರೆ, ಹಣ್ಣು ಒಣಗಿ ಉದುರಿದ್ರೆ ಸಾಹುಕಾರರು ನನ್ನ ಕೇಳ್ತಾರೆ ಅಂದ್ರು.

"ಯಾರು ಬರ್ತಾರೆ, ಯಾರು ಬಿಡ್ತಾರೆ ನಂಗೆ ಬೇಡ ಸಿಸ್ಟರ್. ಸಾಲು ಖಾಲಿ ಇರಬಾರ್ದು. ಅಷ್ಟೇ."

"ಖಾಲಿ ಇರಬಾರ್ದು, ಅಷ್ಟೇ ತಾನೆ?" ಅಂದ್ಲು ಸುಮಿತಾ. "ಸರಿ. ನಾಳೆ ಸಣ್ಣಿ ಸಾಲಲ್ಲಿ ನಾನು ನಿಲ್ತೀನಿ."

ಬೆಳ್ಳಿಯಪ್ಪ ನಕ್ಕುಬಿಟ್ರು, ಸರಿ ಬನ್ನಿ ಅಂದ್ರು. ಲೈನಿಗೆ ವಾಪಸ್ ಬಂದು ಹೇಳಿದಾಗ ಸಣ್ಣಿ ನಗ್ಲಿಲ್ಲ. ಸುಮಿತಾ ಮುಖ ನೋಡಿ, ಮಗೂನ ತೊಡೆ ಮೇಲೆ ಮಲಗಿಸ್ಕೊಂಡ್ಲು. ಸೂಜಿ ಆಯ್ತು, ಬಾಯಿಗೆ ಹನಿ ಆಯ್ತು, ಮಗು ಲೈನೆಲ್ಲ ಕೇಳೋ ಹಾಗೆ ಅತ್ತು ಸುಮ್ಮನಾಯ್ತು. ಜ್ವರ ಬಂದ್ರೆ ಕೊಡೋ ಔಷಧಿ ಕೊಟ್ಟು, ಎಷ್ಟು ಹನಿ ಅಂತ ಸುಮಿತಾ ಎರಡೆರಡು ಸಲ ಹೇಳಿದ್ಲು. ಉಳಿದ ಐದು ಜನ ಮಾತ್ರ, ನಾಳೆ ನೀವು ಬರೋದು ನೋಡಿ ಹೇಳ್ತೀವಿ ಅಂತ ಒಳಗೆ ಹೋದ್ರು.

ಮಾರನೇ ದಿನ ಶುಕ್ರವಾರ, ರಜಾ ಹಾಕಿ ಸುಮಿತಾ ಬಂದೇ ಬಂದ್ಲು. ತಮ್ಮನ ಉದ್ದ ತೋಳಿನ ಶರ್ಟು, ತಲೆಗೆ ಟವೆಲ್ಲು, ಸೊಂಟಕ್ಕೆ ಕುಯ್ಲಿನ ಚೀಲ. ಮಗೂಗೆ ಮೈ ಬೆಚ್ಚಗಿತ್ತು. ಸಣ್ಣಿ ಔಷಧಿ ಕೊಟ್ಟು, ಮಗೂನ ಎದೆಗೆ ಹಾಕ್ಕೊಂಡು ಹೊಸಿಲ ಮೇಲೆ ಕೂತ್ಕೊಂಡ್ಲು. ಅಲ್ಲಿಂದ ಸಾಲು ಕಾಣ್ಸುತ್ತೆ. ಸುಮಿತಾ ಗಿಡದ ಬುಡಕ್ಕೆ ಪ್ಲಾಸ್ಟಿಕ್ ಹಾಸಿ ಕೈ ಹಾಕಿದ್ಲು ನೋಡಿ, ಹಣ್ಣು, ಕಾಯಿ, ಎಲೆ ಎಲ್ಲಾ ಒಟ್ಟಿಗೆ ಬಂತು. ಮೂರನೇ ಗಿಡದಲ್ಲಿ ಕೆಂಪಿರುವೆ ಕುತ್ತಿಗೆಗೆ ಇಳೀತು. ಪಕ್ಕದ ಸಾಲಿನ ಹೆಂಗಸೊಬ್ಬಳು, ಸಿಸ್ಟರೇ ಹಣ್ಣು ಕುಯ್ತಿದ್ದೀರಾ, ಗಿಡಕ್ಕೆ ಸೂಜಿ ಹಾಕ್ತಿದ್ದೀರಾ ಅಂತ ಕೇಳಿ ಎಲ್ಲರನ್ನೂ ನಗಿಸಿದ್ಲು. ಎಳೀಬೇಡಿ ಅಕ್ಕ, ತಿರುಗಿಸಿ ಬಿಡಿಸಿ ಅಂತ ಸಣ್ಣಿ ಹೊಸಿಲಿಂದ ಕೂಗ್ತಾನೇ ಇದ್ಲು. ಸುಮಿತಾ ತಿರುಗಿಸಿದ್ರೆ ರೆಂಬೆ ಲಟ್ ಅಂತು. ಬೆರಳ ಚರ್ಮ ಕಿತ್ತುಹೋಯ್ತು, ಬಟ್ಟೆ ಚೂರು ಸುತ್ಕೊಂಡ್ಲು. ಆದ್ರೆ ಸಾಲು ಬಿಟ್ಟು ಆಚೆ ಬರ್ಲಿಲ್ಲ. ಊಟಕ್ಕೂ ಅಲ್ಲೇ ನಿಂತು ಎರಡು ಇಡ್ಲಿ ತಿಂದ್ಲು.

ಸಂಜೆ ತೂಕಕ್ಕೆ ಮುಂಚೆ ಬೆಳ್ಳಿಯಪ್ಪ ಸಾಲು ನೋಡೋಕೆ ಬಂದ್ರು. ನಡೀತಾ ನಡೀತಾ ಅವರ ನಗು ಕಮ್ಮಿ ಆಗ್ತಾ ಬಂತು. ಬುಡದಲ್ಲೆಲ್ಲ ಎಲೆ. ಹಸಿರು ಕಾಯಿ. ಜೋತುಬಿದ್ದ ರೆಂಬೆಗಳು. ಒಂದನ್ನ ಎತ್ತಿ ಹಿಡಿದ್ರು.

"ಇದು ಬರೋ ವರ್ಷ ಹೂ ಬಿಡಬೇಕಾದ ರೆಂಬೆ ಸಿಸ್ಟರ್. ನಿಮ್ಮೂರು ಯಾವುದು?"

"ಶನಿವಾರಸಂತೆ. ನಮ್ಮನೇಲಿ ಬತ್ತ, ಶುಂಠಿ. ಕಾಫಿ ಕುಡಿಯೋದಷ್ಟೇ ಗೊತ್ತು."

ಬೆಳ್ಳಿಯಪ್ಪ ಲೈನ್ ಕಡೆ ತಿರುಗಿ ಎಲ್ಲರಿಗೂ ಕೇಳೋ ಹಾಗೆ ಹೇಳಿದ್ರು. ಮಗೂಗೆ ಸೂಜಿ ಹಾಕಿಸಿದವರು ಮಾರನೇ ದಿನ ಮನೇಲೇ ಇರಿ, ಸಾಲು ಎಲ್ಲಿಗೂ ಹೋಗಲ್ಲ, ನಾನಿದ್ದೀನಿ. ಆಮೇಲೆ ದನಿ ಇಳಿಸಿ, ದಮ್ಮಯ್ಯ, ಈ ಸಿಸ್ಟರನ್ನ ಮಾತ್ರ ತೋಟಕ್ಕೆ ಕರೀಬೇಡಿ ಅಂದ್ರು.

ಐದೂ ಬಾಗಿಲಲ್ಲಿ ತಾಯಂದಿರು ನಿಂತಿದ್ರು. ಮುಂದಿನ ಗುರುವಾರ ಬರ್ತೀರಾ ಅಕ್ಕ ಅಂತ ಒಬ್ಬಳು ಕೇಳಿದ್ಲು. ಸುಮಿತಾ ಹೂಂ ಅಂತ ತಲೆ ಆಡಿಸಿದ್ಲು. ಸೊಂಟಕ್ಕೆ ಕಟ್ಟಿದ್ದ ಕುಯ್ಲಿನ ಚೀಲ ಬಿಚ್ಚಿ, ಇರುವೆ ಕೊಡವಿ, ರೈಟರ ಶೆಡ್ಡಿಗೆ ಹೋಗಿ ಅವರ ಕುರ್ಚಿ ಮೇಲಿನ ಮೊಳೆಗೇ ನೇತುಹಾಕಿದ್ಲು.

"ಇದು ಇಲ್ಲೇ ಇರ್ಲಿ ರೈಟ್ರೇ. ಯಾರದಾದ್ರೂ ಸಾಲು ಹೋದ್ರೆ ನಂಗೆ ಮತ್ತೆ ಬೇಕಾಗುತ್ತೆ."