ಬಾಗಿಲ ಹಿಂದಿನ ದನಿ

ಇದು ನಡೆದದ್ದೇ, ಬೇಕಾದರೆ ಆ ಪ್ರವಾಸದ ಬಸ್ಸಿನಲ್ಲಿದ್ದವರನ್ನೆಲ್ಲ ಕೇಳಿ. ನಿವೃತ್ತ ರೈಲ್ವೆ ಟಿಕೆಟ್ ತಪಾಸಕರು ಹೊಲದ ನಡುವಿನ ಟೀವಿ ಧಾರಾವಾಹಿಯಲ್ಲಿ ಬರುವ ಬಂಗಲೆಯ ಬಾಗಿಲಿಗೆ ಕೈಯಿಟ್ಟು ನಿಂತಿದ್ದರು. ಟೀವಿಯಲ್ಲಿ ಮೆಟ್ಟಿಲು ಐದು, ಇಲ್ಲಿ ಆರು. ಗೈಡು ಯಾವುದೋ ಮನೆ ತೋರಿಸಿ ಕಿವಿಗೆ ಹೂವಿಡುತ್ತಿದ್ದಾನೆಂದು ಅವರಿಗೆ ಬೆಳಗಿನಿಂದಲೂ ಗುಮಾನಿ. ಮೂವತ್ತು ವರ್ಷದಲ್ಲಿ ಯಾರೂ ತನಗೆ ಟೋಪಿ ಹಾಕಿಲ್ಲವೆಂಬ ಹೆಮ್ಮೆಯನ್ನು ಇವತ್ತು ಜೊತೆಗೆ ಬಂದ ಹೆಂಡತಿ, ಭಾವಮೈದನ ಎದುರು ಉಳಿಸಿಕೊಳ್ಳಬೇಕಿತ್ತು.

"ಸಾರ್, ಬಾಗಿಲು ತಳ್ಳಬೇಡಿ," ಎಂದ ಗೈಡು.

"ಯಾಕಪ್ಪಾ, ಒಳಗೇನು ಬಚ್ಚಿಟ್ಟಿದ್ದೀಯ?"

ಅಷ್ಟರಲ್ಲಿ ಒಳಗಿನಿಂದ ಗಡಸು ದನಿಯೊಂದು, "ಟಿಕೆಟ್ ತೋರಿಸಿ," ಎಂದಿತು. ತಪಾಸಕರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಪ್ಯಾಂಟಿನ ಎರಡು ಜೇಬೂ ನಾಲಗೆ ಚಾಚಿದಂತೆ ಹೊರಬಂದವು. ಕರ್ಚೀಫನ್ನೂ ಕೊಡವಿ ನೋಡಿದರು. "ಇದೆ ಸಾರ್... ನನ್ನ ಹೆಂಡ್ತಿ ಹತ್ರ ಇದೆ. ಹಿಂದೆ ಬರ್ತಿದ್ದಾಳೆ." ಇದೇ ಮಾತು ಹೇಳಿದ ಎಷ್ಟು ಗಂಡಂದಿರನ್ನು ಅವರು ರೈಲಿನಿಂದ ಇಳಿಸಿದ್ದರೋ.

ಬಾಗಿಲು ತೆರೆಯಿತು. ಹಿಂದೆ ಮನೆಯೇ ಇರಲಿಲ್ಲ. ಹಲಗೆಯ ಗೋಡೆಯೊಂದಕ್ಕೆ ಮರದ ಆಸರೆ, ಆಚೆ ಬಯಲು, ನಡುವೆ ಬಸ್ಸಿಳಿದ ಕೂಡಲೇ ಮಾಯವಾಗಿದ್ದ ಭಾವಮೈದ. "ಸಿಕ್ಕಿಬಿದ್ದವರೆಲ್ಲ ಇದನ್ನೇ ಹೇಳ್ತಾರೆ, ಭಾವ," ಎಂದ, ಅದೇ ಗಡಸು ದನಿಯಲ್ಲಿ. ಇಡೀ ಗುಂಪು ನಕ್ಕಿತು. ಹೆಂಡತಿ ಮಾತ್ರ ಬ್ಯಾಗಿನಿಂದ ಟಿಕೆಟ್ ತೆಗೆದು ಹಿಡಿದಳು. "ಇದೆಯಲ್ರೀ ನನ್ನ ಹತ್ರ. ನೀವು ಇಳಿಸಿದವರ ಹೆಂಡ್ತೀರ ಹತ್ರಾನೂ ಇತ್ತೋ ಏನೋ." ತಪಾಸಕರು ನೇತಾಡುವ ಜೇಬುಗಳನ್ನು ಒಂದು ಗಳಿಗೆ ನೋಡಿಕೊಂಡರು. ಆಮೇಲೆ ಎಲ್ಲರಿಗಿಂತ ಜೋರಾಗಿ ಅವರು ನಕ್ಕ ನಗುವಿಗೆ ಹಲಗೆಯ ಬಂಗಲೆ ಅಲ್ಲಾಡಿತು.