ಟಿಕೆಟ್ಟಿನ ಹತ್ತು ಗಂಟೆ

ವಿಮಾನ ಮೋಡ ದಾಟುವ ಮೊದಲೇ ಟೈಲರಕ್ಕ ಸೂಜಿಗೆ ದಾರ ಪೋಣಿಸಿಕೊಂಡು ಕೂತಿದ್ದಳು. ಮಡಿಲಲ್ಲಿ ನಾಟಕದ ರಾಜನ ಕೆಂಪು ಮಖಮಲ್ ನಿಲುವಂಗಿ. ಹಳೆಯದು ಹಿಂದಿನ ಪ್ರದರ್ಶನದಲ್ಲಿ ಹರಿದು ಚಿಂದಿಯಾಗಿತ್ತು. ಹೊಸದು ಇವತ್ತು ರಾತ್ರಿ ಎಂಟೂವರೆಗೆ, ಪರದೆ ಏಳುವ ಹೊತ್ತಿಗೆ, ಸಿದ್ಧವಾಗಬೇಕು. ಕತ್ತರಿಯನ್ನು ತಪಾಸಣೆಯವರು ಕಿತ್ತುಕೊಂಡಿದ್ದರಿಂದ ದಾರವನ್ನು ಹಲ್ಲಲ್ಲೇ ಕಡಿಯುತ್ತಿದ್ದಳು.

“ಆಗುತ್ತಾ ಅಕ್ಕಾ?” ಪಕ್ಕದ ಸೀಟಿನಿಂದ ರಾಜನ ಪಾತ್ರದವನು ಕೇಳಿದ. ತಂಡದಲ್ಲಿ ಎಲ್ಲರಿಗೂ ಅವನು ದೊರೆ.

“ಬೆಳಿಗ್ಗೆ ಒಂಬತ್ತಕ್ಕೆ ಹತ್ತಿದ್ವಿ, ಸಂಜೆ ಏಳಕ್ಕೆ ಇಳೀತೀವಿ. ಟಿಕೆಟ್ಟಲ್ಲೇ ಇದೆಯಲ್ಲ? ಹತ್ತು ಗಂಟೆ ಕೈಲಿದೆ ದೊರೆ. ಹೊಲಿದು, ಊಟ ಮಾಡಿ, ಒಂದು ಕೋಳಿನಿದ್ದೆನೂ ತೆಗೀತೀನಿ.”

ಎದೆಯ ಭಾಗ ಮುಗಿಯಿತು, ತೋಳು ಮುಗಿದವು. ಊಟವಾಯಿತು. ಕೋಳಿನಿದ್ದೆ ಸ್ವಲ್ಪ ಆನೆನಿದ್ದೆಯೇ ಆಯಿತು. ಬೆನ್ನಿನ ಎರಡು ತುಂಡುಗಳನ್ನು ಕೂಡಿಸಲು ಎತ್ತಿಕೊಂಡಳೋ ಇಲ್ಲವೋ, ಬೆಲ್ಟ್ ಕಟ್ಟಿಕೊಳ್ಳಿ, ಇಳಿಯುತ್ತಿದ್ದೇವೆ ಎಂಬ ಪ್ರಕಟಣೆ.

“ಹತ್ತಿ ಇನ್ನೂ ಆರು ಗಂಟೆನೂ ಆಗಿಲ್ಲ, ಇವರಿಗೇನು ಅವಸರ?”

ದೊರೆ ಸೀಟಿನೆದುರಿನ ಪರದೆಯನ್ನು ನೋಡಿ ಬಿಳಿಚಿಕೊಂಡ. “ಅಕ್ಕಾ, ಪ್ರಯಾಣ ಆರೇ ಗಂಟೆಯಂತೆ. ನಾವು ಪೂರ್ವಕ್ಕೆ ಹೋಗ್ತಿದೀವಿ, ಅಲ್ಲಿನ ಗಡಿಯಾರ ನಾಲ್ಕು ಗಂಟೆ ಮುಂದೆ. ಟಿಕೆಟ್ಟಲ್ಲಿರೋ ಏಳು ಅಲ್ಲಿನ ಏಳು!”

ಟೈಲರಕ್ಕ ಬೆನ್ನಿನ ಎರಡು ತುಂಡುಗಳನ್ನೂ ಎತ್ತಿ ಹಿಡಿದಳು. “ಇಷ್ಟು ವರ್ಷ ಬಟ್ಟೆ ಕತ್ತರಿಸಿದೀನಿ, ಒಂದು ಇಂಚು ತಪ್ಪಿಲ್ಲ. ಇವರು ಹಗಲನ್ನೇ ಕತ್ತರಿಸಿ ನುಂಗಿದಾರಲ್ಲಪ್ಪ!”

ರಂಗಮಂದಿರ ಮುಟ್ಟಿದಾಗ ಎಂಟು ದಾಟಿತ್ತು. ನಿಲುವಂಗಿಯ ಬೆನ್ನಿಗೆ ಸಾಲಾಗಿ ಪಿನ್ನು ಚುಚ್ಚಿ ಅವಳು ದೊರೆಯ ಭುಜ ತಟ್ಟಿದಳು. “ಹೋಗಿ. ಪ್ರಾಣ ಹೋದ್ರೂ ಜನರಿಗೆ ಬೆನ್ನು ತೋರಿಸಬೇಡಿ.”

“ಕೊನೇಲಿ ರಾಜ್ಯ ಬಿಟ್ಟು ಹೊರಡ್ತೀನಲ್ಲ ಅಕ್ಕಾ, ಆಗ?”

“ಹಿಂದಕ್ಕೇ ನಡೀರಿ. ಹಿಡ್ಕೊಳ್ಳೋಕೆ ನಾನಿದೀನಿ.”

ಪ್ರತಿ ಸಲ ಆ ದೃಶ್ಯದಲ್ಲಿ ಸರ್ರನೆ ತಿರುಗಿ ಹೊರಟುಬಿಡುತ್ತಿದ್ದ ರಾಜ, ಅಂದು ಒಂದೊಂದೇ ಹೆಜ್ಜೆಯನ್ನು ಹಿಂದಕ್ಕಿಡುತ್ತಾ, ತನ್ನ ಜನರನ್ನು ಕಣ್ತುಂಬ ನೋಡುತ್ತಾ ಕತ್ತಲಿಗೆ ಸರಿದ. ಸಭೆಯಲ್ಲಿ ಒಂದು ಕೆಮ್ಮೂ ಇಲ್ಲ. ಪರದೆಯ ಮರೆಯಲ್ಲಿ ಟೈಲರಕ್ಕ ಕೈಚಾಚಿ ಅವನ ಸೊಂಟ ಹಿಡಿದಳು. ಆಮೇಲೆ ಎದ್ದ ಚಪ್ಪಾಳೆ ನಿಲ್ಲಲೇ ಇಲ್ಲ.

ನಿರ್ದೇಶಕರು ಕಣ್ಣೊರೆಸಿಕೊಳ್ಳುತ್ತಾ ಓಡಿಬಂದರು. “ಎಂಥ ನಿರ್ಗಮನ ಮಾರಾಯಾ! ಮುಂದಿನ ಊರಲ್ಲೂ ಹೀಗೇ ಮಾಡ್ಬೇಕು!”

ದೊರೆ ಕತ್ತು ಹೊರಳಿಸಿ ಟೈಲರಕ್ಕನ ಮುಖ ನೋಡಿದ. ಅವಳು ಅವನ ಬೆನ್ನಿನಿಂದ ಕೊನೆಯ ಪಿನ್ನು ಕೀಳುತ್ತಿದ್ದಳು.

“ಆಗಲ್ಲ ಸಾರ್. ಮುಂದಿನ ಊರು ಪಶ್ಚಿಮಕ್ಕೆ. ಹೋಗ್ತಾ ಗಂಟೆ ಜಾಸ್ತಿ ಸಿಗುತ್ತೆ, ಬೆನ್ನೂ ಹೊಲಿದುಬಿಡ್ತೀನಿ.”