ಕಡಲು ಮರಳಿಸಿದ ಚೊಂಬು

ಕೋರ್ಟಿನ ಆದೇಶವನ್ನು ಕಡಲಿಗೆ ಓದಿ ಹೇಳುವುದು ಅಮೀನ ಫಕೀರಪ್ಪನ ಕೆಲಸ. ಓದಿದ ಮೇಲೆ ಕಡಲು ಪಾಲಿಸುತ್ತದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಸಾಕ್ಷಿ ಹೇಳಿದ್ದ ಮೀನುಗಾರ್ತಿ ಗುಲಾಬಿ, ಪದ್ಧತಿಯಂತೆ, ಪಕ್ಕದಲ್ಲೇ ನಿಂತಿದ್ದಳು.

ಅಲೆ ಬರುವ ಜಾಗದಲ್ಲಿ ಕಟ್ಟಡ ಕೂಡದು ಎನ್ನುತ್ತದೆ ಕಾಯ್ದೆ. ಅಲ್ಲಿ ಕಟ್ಟಲು ಹೊರಟ ರೆಸಾರ್ಟಿನವರು ಗುಲಾಬಿಯ ಮನೆಯ ತನಕ ಡಾಂಬರು ರಸ್ತೆ ಹಾಕಿಸಿಕೊಡುತ್ತೇವೆ ಎಂದದ್ದಕ್ಕೆ, "ಅಲೆ ನಮ್ಮನೆ ಅಂಗಳಕ್ಕೆ ಯಾವತ್ತೂ ಬಂದದ್ದಿಲ್ಲ" ಎಂದು ಅವಳು ಕಟಕಟೆಯಲ್ಲಿ ಹೇಳಿಬಿಟ್ಟಿದ್ದಳು. ಅಷ್ಟಕ್ಕೇ ಕಡಲಿನ ಗಡಿಗಲ್ಲು ಮುನ್ನೂರು ಮೀಟರು ಕಡಲ ಕಡೆಗೆ ಸರಿದಿತ್ತು.

"...ಇನ್ನು ಮುಂದೆ ಸದರಿ ಕಲ್ಲನ್ನು ದಾಟತಕ್ಕದ್ದಲ್ಲ." ಫಕೀರಪ್ಪ ಓದಿ ಮುಗಿಸಿದ.

ಕಡಲು ಸದ್ದಿಲ್ಲದೆ ಹೊರಟಿತು. ಹೊರಡುವ ಮುನ್ನ ಒಂದೇ ಒಂದು ಅಲೆ ಬಂದು ಗುಲಾಬಿಯ ಕಾಲ ಬಳಿ ಏನನ್ನೋ ಇಟ್ಟುಹೋಯಿತು. ಹತ್ತು ವರ್ಷದ ಹಿಂದಿನ ಮಳೆಗಾಲದಲ್ಲಿ ಅಲೆ ಅಂಗಳದಿಂದ ಎಳೆದೊಯ್ದಿದ್ದ ಹಿತ್ತಾಳೆ ಚೊಂಬು. ಅಮ್ಮ ಕೊರೆಸಿದ್ದ ಅವಳ ಹೆಸರು ಇನ್ನೂ ಮಾಸಿರಲಿಲ್ಲ.

ಫಕೀರಪ್ಪ ಬಗ್ಗಿ ಹೆಸರು ಓದಿದ. "ಇದನ್ನ ಕೋರ್ಟಿನ್ಯಾಗ ಹೇಳಬೇಕಿತ್ತವ್ವಾ."

ಗುಲಾಬಿ ಚೊಂಬೆತ್ತಿಕೊಂಡು ಒದ್ದೆ ಮರಳಿನಲ್ಲಿ ಓಡಿದಳು. "ನೀ ಬಂದದ್ ಹೌದ್! ನಾನೇ ಸುಳ್ಳ್ ಹೇಳ್ದೆ! ನಿಲ್ಲ್ ಮಾರಾಯ್ತಿ!"

ಕಡಲು ನಿಲ್ಲಲಿಲ್ಲ. ಇಡೀ ಊರಿನಲ್ಲಿ ಕಾನೂನಿಗೆ ತಲೆಬಾಗಿದ್ದು ಅದೊಂದೇ.